ಮುಖಕ್ಕೆ ಬೇಕಾದ ಬೆಳಕು

ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಮಾಡಿದ ‘ಫೋಟೋಗ್ರಫಿ’ ಎಂಬ ಮಾತಿಗೆ ಬೆಳಕಿನ ಬರಹವೆಂದು ಅರ್ಥ. ಅದೇ ವಿದ್ಯೆಯನ್ನು ಕನ್ನಡಕ್ಕೆ ತಂದುಕೊಳ್ಳುವಾಗ ನಾವು ಬೆಳಕನ್ನು ಬಿಟ್ಟು ನೆರಳನ್ನು ಹಿಡಿದು, ಛಾಯಾಚಿತ್ರವೆಂದು ಕರೆದೆವು. ನಮಗೆ ಆಶ್ರಯ ಕೊಟ್ಟಿರುವ ಈ ಚೆನ್ನೈ ನಗರದ ತಮಿಳು ಬಾಂಧವರಲ್ಲಿ ಇದಕ್ಕೆ ಎರಡು ಹೆಸರುಗಳುಂಟು. ‘ನಿಳರ್ಪಡಂ’ ಎಂಬುದೊಂದು, ಅದು ನಮ್ಮ ನೆರಳಿನೊಡನೆ ಹುಟ್ಟಿದ ಪದ. ‘ಪುಗೈಪ್ಪಡಂ’ ಎಂಬುದು ಇನ್ನೊಂದು. ತಮಿಳಿನ ‘ಪುಗೈ’ ಎಂದರೆ ಹಳಗನ್ನಡದ ‘ಪೊಗೆ’, ಇಂದಿನ ಹೊಗೆ. ಬೆಳಕು, ನೆರಳು, ಹೊಗೆ — ಇವುಗಳಲ್ಲಿ ಒಂದರಲ್ಲಿಯೂ ಕ್ಯಾಮೆರಾ ಎಂಬ ಯಂತ್ರದ ಸುಳಿವೇ ಇಲ್ಲವೆಂಬುದನ್ನು ಗಮನಿಸಿರಿ. ಹೆಸರಿಟ್ಟವರು ಜಾಣರು. ‘ಯಾವ ಕ್ಯಾಮೆರಾ ಒಳ್ಳೆಯದು ಸಾರ್?’ ಎಂದು ನೀವು ಕೇಳುವಾಗಲೆಲ್ಲ ನನಗೆ ಈ ಹೆಸರುಗಳು ನೆನಪಿಗೆ ಬರುತ್ತವೆ. ನಿಮ್ಮ ಮನೆಯ ಸಾಧಾರಣ ಮೊಬೈಲಿನಲ್ಲಿರುವ ಕ್ಯಾಮೆರಾ ಒಂದು ಮುಖವನ್ನು ತೆಗೆಯಲು ಧಾರಾಳವಾಗಿ ಸಾಕು. ಸಾಲದೆ ಬರುವುದು ಬೆಳಕು.

ಇದನ್ನು ಕೇವಲ ವಿನೋದದ ಹವ್ಯಾಸವೆಂದು ತಿಳಿದು ನಾನು ಬರೆಯುತ್ತಿಲ್ಲ. ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಹಿರಿಯರ ಪಟವೊಂದು ಇರುತ್ತದೆ. ಹತ್ತಿರ ಹೋಗಿ ನೋಡಿದರೆ, ಅದು ಯಾವುದೋ ಗುರುತಿನ ಚೀಟಿಯ ಅಂಗುಲದಷ್ಟರ ಚಿತ್ರವನ್ನು ಎಳೆದು ಹಿಗ್ಗಿಸಿದ್ದೆಂದು ತಿಳಿಯುತ್ತದೆ. ಕಣ್ಣುಗಳು ಎರಡು ಕಪ್ಪು ಚುಕ್ಕೆಗಳಾಗಿ, ಕೆನ್ನೆ ಸುಣ್ಣದ ಗೋಡೆಯಂತಾಗಿ, ಆ ಮುದುಕಿಯನ್ನು ಕಂಡರಿಯದ ಮೊಮ್ಮಗಳಿಗೆ ‘ಇವರೇ ನಿನ್ನ ಅಜ್ಜಿ’ ಎಂದು ತೋರಿಸಿದರೆ ಆ ಮಗುವಿಗೆ ಏನು ತಾನೆ ತಿಳಿಯುವುದು? ಅಜ್ಜಿ ಬದುಕಿದ್ದಾಗ ಯಾರೂ ಅವರನ್ನು ಒಂದು ಕಿಟಕಿಯ ಬಳಿ ಕುಳ್ಳಿರಿಸಿ ಐದು ನಿಮಿಷ ವ್ಯಯಿಸಲಿಲ್ಲ. ನಿಮ್ಮಲ್ಲಿ ಹಲವರು ಬೇಸಗೆಯ ರಜೆಯಲ್ಲಿ ಮಾತ್ರ ಊರಿಗೆ ಹೋಗಿ ಅಜ್ಜ ಅಜ್ಜಿಯರನ್ನು ಕಾಣುವವರು. ಮುಂದಿನ ರಜೆಗೆ ಮುಂಚೆ ಈ ಲೇಖನವನ್ನು ಒಮ್ಮೆ ಓದಿಕೊಂಡು, ಇಲ್ಲಿ ಹೇಳಿರುವುದನ್ನು ಮಾಡಿ ನೋಡಿದರೆ ನನಗೆ ಸಂತೋಷ.

ಮೊದಲು ಬೆಳಕಿನ ಸ್ವಭಾವವನ್ನು ಅರಿಯೋಣ. ಬೆಳಕಿನಲ್ಲಿ ಬಿರುಸಾದುದು, ಮೃದುವಾದುದು ಎಂದು ಎರಡು ಬಗೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತವನ ನೆರಳಿನ ಅಂಚು ಕತ್ತರಿಯಿಂದ ಕತ್ತರಿಸಿದಂತಿರುತ್ತದೆ. ಮೋಡ ಕವಿದ ದಿನ ಅದೇ ಮನುಷ್ಯನ ನೆರಳು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ. ಬೆಳಕಿನ ಮೂಲವು ಹೆಚ್ಚು ಪ್ರಖರವಾಗಿರುವುದೇ ಬಿರುಸಿಗೆ ಕಾರಣವೆಂದು ಬಹುಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಮುಖದಿಂದ ನೋಡಿದಾಗ ಆ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೇ ಮುಖ್ಯ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರು. ಆದರೆ ಅವನು ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ, ಕೈ ಚಾಚಿ ಹಿಡಿದ ಕಿರುಬೆರಳಿನ ಉಗುರು ಅವನನ್ನು ಮುಚ್ಚಬಲ್ಲದು. (ಇದನ್ನು ಸೂರ್ಯನ ಮೇಲೆ ಪರೀಕ್ಷಿಸಲು ಹೋಗಿ ಕಣ್ಣು ಕೆಡಿಸಿಕೊಳ್ಳಬೇಡಿರಿ, ಹುಣ್ಣಿಮೆಯ ಚಂದ್ರನೂ ಅಷ್ಟೇ ಗಾತ್ರದವನಾಗಿ ಕಾಣುತ್ತಾನೆ, ಅವನ ಮೇಲೆ ಪರೀಕ್ಷಿಸಿರಿ.) ಅಷ್ಟು ಚಿಕ್ಕದಾಗಿ ಕಾಣುವ ಮೂಲದಿಂದ ಬಂದ ಬೆಳಕು ಬಿರುಸಾಗುತ್ತದೆ. ಮೋಡ ಅಡ್ಡ ಬಂದಾಗಲೋ, ಆಕಾಶಕ್ಕೆ ಆಕಾಶವೇ ದೀಪವಾಗಿ ಎಲ್ಲ ಕಡೆಯಿಂದ ಮುಖವನ್ನು ಆವರಿಸುತ್ತದೆ. ಆದ್ದರಿಂದ ಸಣ್ಣ ದೀಪವನ್ನು ದೊಡ್ಡದಾಗಿಸುವುದು, ದೊಡ್ಡದನ್ನು ಮುಖದ ಸಮೀಪಕ್ಕೆ ತರುವುದು — ಭಾವಚಿತ್ರದ ಬೆಳಕಿನ ಉಪಾಯಗಳೆಲ್ಲ ಈ ಎರಡರಲ್ಲಿ ಅಡಗಿವೆ.

ಬೆಳಕು ಯಾವ ದಿಕ್ಕಿನಿಂದ ಬರಬೇಕು? ಬೇಲೂರು ಹಳೇಬೀಡುಗಳಿಗೆ ಪ್ರವಾಸ ಹೋದವರು ನೆನಪಿಸಿಕೊಳ್ಳಿರಿ. ಗೋಡೆಯ ಶಿಲ್ಪಕ್ಕೆ ಬಿಸಿಲು ಎದುರಿನಿಂದ ನೇರವಾಗಿ ಬಿದ್ದಾಗ ಆನೆ, ಕುದುರೆ, ಬಳ್ಳಿಗಳೆಲ್ಲ ಒಂದೇ ಬೂದುಬಣ್ಣದ ಹಲಗೆಯಾಗಿ ತೋರುತ್ತವೆ. ಬಿಸಿಲು ಒಂದು ಪಕ್ಕದಿಂದ ಓರೆಯಾಗಿ ಹರಿದಾಗ ಒಂದೊಂದು ಒಡವೆಯ ಮಣಿಯೂ ಎದ್ದು ನಿಲ್ಲುತ್ತದೆ. ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ 1854ರ ಡಿಸೆಂಬರಿನಲ್ಲಿ ಈ ಗುಡಿಗಳ ಛಾಯಾಚಿತ್ರಗಳನ್ನು ತೆಗೆದನು. ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನೂ ಆದನು. ಅವನಲ್ಲಿ ವಿದ್ಯುದ್ದೀಪವೇನೂ ಇರಲಿಲ್ಲ, ಇದ್ದದ್ದು ಬಿಸಿಲು. ಕಲ್ಲಿಗೆ ಅನ್ವಯಿಸುವ ನಿಯಮವೇ ಮುಖಕ್ಕೂ ಅನ್ವಯಿಸುತ್ತದೆ. ಮೂಗು, ಕೆನ್ನೆಯ ಮೂಳೆ, ಹಣೆಯ ಸುಕ್ಕು ಇವೆಲ್ಲ ಉಬ್ಬುತಗ್ಗುಗಳೇ. ಎದುರಿನಿಂದ ಬಂದ ಬೆಳಕು ಅವನ್ನು ಅಳಿಸುತ್ತದೆ, ಪಕ್ಕದಿಂದ ಬಂದದ್ದು ತಿದ್ದಿ ತೋರಿಸುತ್ತದೆ, ನೆತ್ತಿಯಿಂದ ಬಿದ್ದದ್ದು ಕಣ್ಣಿನ ಗುಳಿಗಳನ್ನು ಕತ್ತಲೆಯ ಬಾವಿಗಳನ್ನಾಗಿ ಮಾಡುತ್ತದೆ. ಚೆನ್ನೈ ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವೆ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿಗೂ ಇದೇ ಲೆಕ್ಕ. ಶಾಲೆಯ ಗುಂಪುಚಿತ್ರಗಳನ್ನು ಮಧ್ಯಾಹ್ನ ಹನ್ನೆರಡಕ್ಕೆ ಮೈದಾನದಲ್ಲಿ ತೆಗೆಸುವ ಪದ್ಧತಿಯನ್ನು ಯಾರು ಆರಂಭಿಸಿದರೋ ತಿಳಿಯದು; ಅವರಿಗೆ ಮಕ್ಕಳ ಕಣ್ಣುಗಳ ಮೇಲೆ ಪ್ರೀತಿ ಇರಲಿಲ್ಲವೆಂದು ಕಾಣುತ್ತದೆ.

ಹಾಗಾದರೆ ಅತ್ಯಂತ ಅಗ್ಗವಾದ, ಅತ್ಯಂತ ಒಳ್ಳೆಯ ದೀಪ ಯಾವುದು? ಕಿಟಕಿ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ನೇರ ಬಿಸಿಲು ಒಳಕ್ಕೆ ಬೀಳದ ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ, ಕಿಟಕಿಗೆ ಓರೆಯಾಗಿ ಕುರ್ಚಿಯನ್ನಿಡಿರಿ. ಕಿಟಕಿ ಕುಳಿತವರ ಎಡಕ್ಕೋ ಬಲಕ್ಕೋ, ಸ್ವಲ್ಪ ಮುಂದಕ್ಕೆ ಇರಲಿ. ಅವರ ಬೆನ್ನ ಹಿಂದೆ ಕಿಟಕಿ ಇರಕೂಡದು. ಇದ್ದರೆ ಕ್ಯಾಮೆರಾ ಹೊರಗಿನ ಬೆಳಕನ್ನು ಲೆಕ್ಕಕ್ಕೆ ಹಿಡಿದು ಮುಖವನ್ನು ಕಪ್ಪಾಗಿಸುತ್ತದೆ. ಯೂರೋಪಿನ ಚಿತ್ರಕಾರರು ಉತ್ತರದ ಕಿಟಕಿಯೇ ಶ್ರೇಷ್ಠವೆಂದು ಹೇಳುತ್ತಿದ್ದರು, ಯಾಕೆಂದರೆ ಅಲ್ಲಿ ಸೂರ್ಯ ದಕ್ಷಿಣದಲ್ಲಿಯೇ ಸಂಚರಿಸುವುದರಿಂದ ಉತ್ತರದ ಬೆಳಕು ದಿನವೆಲ್ಲ ಏಕರೀತಿಯಾಗಿರುತ್ತದೆ. ಈ ಮಾತನ್ನು ಪುಸ್ತಕದಲ್ಲಿ ಓದಿ ಇಲ್ಲಿಯೂ ಹಾಗೆಯೇ ಎಂದು ನಂಬಬೇಡಿರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯನೇ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳ ಬೆಳಗು ಸಂಜೆಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಇಣುಕುತ್ತದೆ. ಬೇಸಗೆಯ ರಜೆ ಬರುವುದೂ ಆಗಲೇ. ಬಿಸಿಲು ಇಣುಕಿದರೆ ಕಿಟಕಿಗೆ ಒಂದು ಬಿಳಿಯ ಪಂಚೆಯನ್ನು ಕಟ್ಟಿರಿ. ಕಣ್ಣು ಕುಕ್ಕುವ ಬಿಸಿಲು ಪಂಚೆಯ ಮೇಲೆ ಹರಡಿ, ಪಂಚೆಯೇ ನಾಲ್ಕಡಿಯ ಮೃದುವಾದ ದೀಪವಾಗುತ್ತದೆ. ಅಂಗಡಿಯವರು ಸಾವಿರಾರು ರೂಪಾಯಿಗೆ ಮಾರುವ ‘ಸಾಫ್ಟ್ ಬಾಕ್ಸ್’ ಎಂಬ ಸಾಧನ ಮಾಡುವ ಕೆಲಸವೂ ಇಷ್ಟೇ.

ಪೆರುಂಗುಡಿಯಂಥ ಬಡಾವಣೆಯಲ್ಲಿ ಇನ್ನೊಂದು ತೊಡಕುಂಟು. ನಾನಿರುವ ಬೀದಿಯಲ್ಲಿ ಮನೆಗೂ ಮನೆಗೂ ನಡುವೆ ಒಬ್ಬ ಮನುಷ್ಯ ಕೈಚಾಚುವಷ್ಟೇ ಜಾಗ. ಕಿಟಕಿ ತೆರೆದರೆ ಕಾಣುವುದು ಆಕಾಶವಲ್ಲ, ನೆರೆಮನೆಯ ಗೋಡೆ. ಆ ಗೋಡೆಗೆ ಗಿಳಿಹಸಿರು ಬಳಿದಿದ್ದರೆ ನಿಮ್ಮ ಅಜ್ಜನ ಕೆನ್ನೆಯೂ ಹಸಿರಾಗುತ್ತದೆ, ಗುಲಾಬಿಯಾಗಿದ್ದರೆ ಗುಲಾಬಿ. ನಮ್ಮ ಕಣ್ಣು ಇದನ್ನು ಸರಿಪಡಿಸಿಕೊಂಡು ನೋಡುವುದರಿಂದ ಎದುರಿಗೆ ನಿಂತಾಗ ತಿಳಿಯುವುದಿಲ್ಲ, ಚಿತ್ರದಲ್ಲಿ ಬಯಲಾಗುತ್ತದೆ. ಅಂಥ ಮನೆಯವರು ಬಾಗಿಲ ಹೊಸ್ತಿಲನ್ನೋ ಮಹಡಿಯ ಮೆಟ್ಟಿಲಿನ ನೆರಳನ್ನೋ ಹುಡುಕಿಕೊಳ್ಳುವುದು ಮೇಲು. ಮಾಳಿಗೆಯಲ್ಲಿ ನೀರಿನ ತೊಟ್ಟಿಯ ನೆರಳೂ ಒಳ್ಳೆಯ ಸ್ಥಳವೇ. ಬಿಸಿಲಿನಿಂದ ಒಂದು ಹೆಜ್ಜೆ ಒಳಗೆ, ತೆರೆದ ಆಕಾಶದತ್ತ ಮುಖಮಾಡಿ ಕುಳಿತರೆ ಸಾಕು. ರಾಜೀವ್ ಗಾಂಧಿ ಸಾಲೆಯ ಗಾಜಿನ ಕಟ್ಟಡಗಳು ಸಂಜೆಯ ಬಿಸಿಲನ್ನು ನಮ್ಮ ಕಡೆಗೆ ಎರಚುವುದೂ ಉಂಟು; ಅದು ಕನ್ನಡಿಯಲ್ಲಿ ಕಂಡ ಸೂರ್ಯನಾದ್ದರಿಂದ ಬಿಸಿಲಿನಷ್ಟೇ ಬಿರುಸು, ಅದರಿಂದ ದೂರವಿರಿ.

ಕಿಟಕಿ ಒಂದು ಕೆನ್ನೆಯನ್ನು ಬೆಳಗುತ್ತದೆ, ಇನ್ನೊಂದು ಕತ್ತಲೆಯಲ್ಲಿ ಉಳಿಯುತ್ತದೆ. ಅದಕ್ಕೆ ಎರಡನೆಯ ದೀಪ ಬೇಡ. ಒಂದು ಥರ್ಮಾಕೋಲ್ ಹಲಗೆಯನ್ನು ಕತ್ತಲೆಯ ಪಕ್ಕದಲ್ಲಿ, ಚಿತ್ರದೊಳಗೆ ಬಾರದಷ್ಟು ಹತ್ತಿರದಲ್ಲಿ, ತಮ್ಮನೋ ತಂಗಿಯೋ ಹಿಡಿದುಕೊಳ್ಳಲಿ. ಕಿಟಕಿಯ ಬೆಳಕು ಹಲಗೆಗೆ ತಾಗಿ ಹಿಂದಿರುಗಿ ಆ ಕೆನ್ನೆಯನ್ನು ಸವರುತ್ತದೆ. ಹಲಗೆಯನ್ನು ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಒಯ್ದರೆ ಗಾಢವಾಗುತ್ತದೆ. ಎಷ್ಟಿರಬೇಕು? ಇದಕ್ಕೆ ಸೂತ್ರವಿಲ್ಲ. ನನಗಾದರೋ ನೆರಳು ಪೂರ್ತಿ ಅಳಿಯಕೂಡದು. ಅಳಿದರೆ ಮುಖ ದೋಸೆಯಂತೆ ಚಪ್ಪಟೆಯಾಗುತ್ತದೆ. ಕಿಟಕಿ ಕಣ್ಣಿಗಿಂತ ಎತ್ತರದಲ್ಲಿದ್ದು ಸುಮಾರು 45 ಡಿಗ್ರಿ ಓರೆಯಾಗಿದ್ದರೆ, ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನದೊಂದು ಚಿಕ್ಕ ತ್ರಿಕೋನ ಮೂಡುತ್ತದೆ. 17ನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಚಿತ್ರಗಳಲ್ಲಿ ಇದು ಕಾಣುವುದರಿಂದ ಈ ಬೆಳಕಿಗೆ ಅವನ ಹೆಸರೇ ನಿಂತಿದೆ. ವೃದ್ಧರ ಮುಖಕ್ಕೆ ಇದು ಬಹು ಚೆನ್ನ.

ಹಲಗೆಯಿಂದ ಬೆಳಕನ್ನು ಹಿಂದಿರುಗಿಸುವುದು ಬಡವರ ಉಪಾಯವೆಂದು ಯಾರೂ ಕೀಳಾಗಿ ಕಾಣಬಾರದು. 1956ರಲ್ಲಿ ತೆರೆಕಂಡ ಸತ್ಯಜಿತ್ ರಾಯರ ‘ಅಪರಾಜಿತೋ’ ಚಿತ್ರದಲ್ಲಿ ಕಾಶಿಯ ಮನೆಯೊಂದರ ಅಂಗಳವುಂಟು. ಮಳೆಯ ಭಯದಿಂದ ಅದನ್ನು ಕಲ್ಕತ್ತೆಯ ಸ್ಟುಡಿಯೋದ ಒಳಗೆ ಕಟ್ಟಬೇಕಾಯಿತು. ಒಳಗೆ ಆಕಾಶವೆಲ್ಲಿಂದ ಬರಬೇಕು? ಛಾಯಾಗ್ರಾಹಕ ಸುಬ್ರತ ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಚಾವಣಿಯಂತೆ ಬಿಗಿದು, ಕೆಳಗಿನಿಂದ ದೀಪಗಳನ್ನು ಆ ಬಟ್ಟೆಗೆ ಹಾಯಿಸಿ, ಅಲ್ಲಿಂದ ಇಳಿದ ನೆರಳಿಲ್ಲದ ಬೆಳಕಿನಲ್ಲಿ ಚಿತ್ರ ತೆಗೆದರು. ನಮ್ಮ ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರದು ಇದಕ್ಕೆ ತೀರ ಭಿನ್ನವಾದ ಜಾಣ್ಮೆ. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಅವರು ಯಾವ ದೊಡ್ಡ ದೀಪದಿಂದಲೂ ಮಾಡಲಿಲ್ಲ; ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಬಟ್ಟೆ ಬೆಳಕನ್ನು ಹರಡುತ್ತದೆ, ಕನ್ನಡಿ ಅದನ್ನು ಹಾಗೆಯೇ ಎಸೆಯುತ್ತದೆ. ಮುಖಕ್ಕೆ ಬಟ್ಟೆಯೇ ಲೇಸು.

ರಾತ್ರಿಯ ಮಾತಿಗೆ ಬರೋಣ. ತಂದೆ ಕೆಲಸದಿಂದ ಹಿಂದಿರುಗುವುದು ರಾತ್ರಿ ಎಂಟಕ್ಕೆ. ಅವರ ಚಿತ್ರ ತೆಗೆಯಬೇಕಾದರೆ ದೀಪ ಬೇಕೇ ಬೇಕು. ಮೌಂಟ್ ರೋಡಿನ ಬಳಿಯ ರಿಚಿ ಸ್ಟ್ರೀಟಿಗೆ ಹೋದರೆ ಅಂಗಡಿಯವರು ಬಳೆಯಂತಿರುವ ‘ರಿಂಗ್ ಲೈಟ್’ ತೋರಿಸಿಯಾರು. ಅದು ಕ್ಯಾಮೆರಾದ ಸುತ್ತಲೂ ಇರುವುದರಿಂದ ಬೆಳಕು ಎದುರಿನಿಂದಲೇ ಬೀಳುತ್ತದೆ, ಕಣ್ಣಿನಲ್ಲಿ ಉಂಗುರ ಮೂಡುತ್ತದೆ, ಕನ್ನಡಕ ಹಾಕಿದವರ ಪಾಡಂತೂ ಹೇಳತೀರದು. ಅದನ್ನು ಮೊದಲು ಕೊಳ್ಳತಕ್ಕದ್ದಲ್ಲ. ನನ್ನ ಸಲಹೆ ಇದು: 20 ವ್ಯಾಟಿನ, ನಾಲ್ಕಡಿ ಉದ್ದದ ಎಲ್‌ಇಡಿ ಟ್ಯೂಬ್ ಲೈಟ್ ಒಂದು, ಸುಮಾರು 250 ರೂಪಾಯಿಯೊಳಗೆ ದೊರೆಯುತ್ತದೆ. ತಂತಿಯನ್ನೂ ಪ್ಲಗ್ಗನ್ನೂ ತಿಳಿದವರಿಂದಲೇ ಹಾಕಿಸಿರಿ. ಅದನ್ನು ಗೋಡೆಗೆ ಹೊಡೆಯದೆ, ಎತ್ತರದ ಸ್ಟೂಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿ, ಮುಂದೆ ಒಂದಡಿ ಬಿಟ್ಟು ಪಂಚೆಯ ತೆರೆ ಇಳಿಬಿಟ್ಟರೆ ರಾತ್ರಿಯ ಕಿಟಕಿ ಸಿದ್ಧವಾಯಿತು. ಇನ್ನೊಂದು ಪಕ್ಕದಲ್ಲಿ ಅದೇ ಥರ್ಮಾಕೋಲ್ ಹಲಗೆ. ಪಂಚೆ ಮನೆಯದೇ; ಒಟ್ಟು ಖರ್ಚು 500 ರೂಪಾಯಿ ಮೀರಲಾರದು. ಹಳೆಯ ಕಾಲದ ಹ್ಯಾಲೊಜೆನ್ ದೀಪಗಳನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೇಡ. ಅವು ಕೆಂಡದಂತೆ ಕಾಯುತ್ತವೆ. ಬಟ್ಟೆಯೂ ಥರ್ಮಾಕೋಲೂ ಬೇಗ ಹತ್ತಿಕೊಳ್ಳುವ ವಸ್ತುಗಳು.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಎರಡು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಇದು ಕಾಣದು. ಅಂಗಡಿಯಲ್ಲಿಯೇ ದೀಪ ಹೊತ್ತಿಸಿ ಮೊಬೈಲಿನ ಕ್ಯಾಮೆರಾದಲ್ಲಿ ನೋಡಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ದೀಪ ಬೇಡ. ಇನ್ನು ಬಣ್ಣ. ಪೆಟ್ಟಿಗೆಯ ಮೇಲೆ ‘ಕೆಲ್ವಿನ್’ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ: 2700 ಅಥವಾ 3000 ಎಂದಿದ್ದರೆ ಹಣತೆಯತ್ತ ವಾಲಿದ ಹಳದಿ, 6500 ಎಂದಿದ್ದರೆ ನೀಲಿಯತ್ತ ವಾಲಿದ ಬಿಳಿ. ಯಾವುದಾದರೂ ಆಗಬಹುದು, ಆದರೆ ಎರಡು ಬೆರೆಯಕೂಡದು. ನಿಮ್ಮ ದೀಪ ಉರಿಯುವಾಗ ಮನೆಯ ಉಳಿದ ದೀಪಗಳನ್ನು ಆರಿಸಿರಿ. ‘ಸಿಆರ್‌ಐ’ ಎಂಬ ಇನ್ನೊಂದು ಅಂಕಿ ಬಣ್ಣಗಳು ಎಷ್ಟು ನಿಜವಾಗಿ ತೋರುತ್ತವೆಂಬುದರ ಅಳತೆ. ಮನೆಯ ದೀಪಗಳಲ್ಲಿ ಅದು ಸಾಮಾನ್ಯವಾಗಿ 80ರ ಸುತ್ತ ಇರುತ್ತದೆ. 90 ದೊರೆತರೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ದೀಪದ ದೂರದ ವಿಷಯದಲ್ಲಿ ನಿಮ್ಮ ಭೌತಶಾಸ್ತ್ರದ ಪಾಠ ಉಪಯೋಗಕ್ಕೆ ಬರುತ್ತದೆ. ಸಣ್ಣ ದೀಪವೊಂದನ್ನು 3 ಅಡಿಯಿಂದ 6 ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಅಜ್ಜ ಅಜ್ಜಿ ಇಬ್ಬರನ್ನೂ ಕೂಡಿಸಿ ತೆಗೆಯುವಿರೆಂದು ಇಟ್ಟುಕೊಳ್ಳಿ. ದೀಪ ಅಜ್ಜನಿಂದ 2 ಅಡಿ, ಅಜ್ಜಿಯಿಂದ 4 ಅಡಿ ದೂರದಲ್ಲಿದ್ದರೆ ಅಜ್ಜನಿಗೆ ನಾಲ್ಕು ಪಟ್ಟು ಬೆಳಕು. ಒಬ್ಬರು ಬೆಳ್ಳಗೆ, ಇನ್ನೊಬ್ಬರು ಕಪ್ಪಗೆ. ಅದೇ ದೀಪವನ್ನು 8 ಅಡಿಗೆ ಒಯ್ದರೆ ಅಜ್ಜಿ 10 ಅಡಿಯಲ್ಲಿರುತ್ತಾರೆ. ಆಗಿನ ಅಂತರ ಸುಮಾರು ಒಂದೂವರೆ ಪಟ್ಟು ಮಾತ್ರ. ಆದರೆ ದೂರ ಹೋದ ದೀಪ ಚಿಕ್ಕದಾಗಿ ಕಂಡು ಬೆಳಕು ಬಿರುಸಾಗುವುದಲ್ಲವೆ? ಆಗ ದೀಪವನ್ನು ಬಿಳಿಯ ಗೋಡೆಯ ಕಡೆಗೆ ತಿರುಗಿಸಿರಿ. ಗೋಡೆಯೇ ದೊಡ್ಡ ದೀಪವಾಗುತ್ತದೆ.

ಕ್ಯಾಮೆರಾದಲ್ಲಿಯೇ ಇರುವ ಫ್ಲ್ಯಾಷ್ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ, ಅದನ್ನು ಆರಿಸಿಡಿರಿ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಮ್ ಪುಡಿಯನ್ನು ಉರಿಸಿ ಮಿಂಚು ಮಾಡುವ ಕ್ರಮ ಬಂದಿತು. ಚಿತ್ರವಾದ ಮೇಲೆ ಕೋಣೆಯ ತುಂಬ ಹೊಗೆ. ಆ ಕೋಣೆಯಲ್ಲಿ ಕುಳಿತವರು ತಮಿಳಿನ ‘ಪುಗೈಪ್ಪಡಂ’ ಎಂಬ ಹೆಸರನ್ನು ಮನಸಾರೆ ಒಪ್ಪುತ್ತಿದ್ದರೇನೋ! ಈಗ ಹೊಗೆಯಿಲ್ಲ, ಆದರೆ ಮಸೂರದ ಪಕ್ಕದ ಆ ಚಿಕ್ಕ ಮಿಂಚು ಇಂದಿಗೂ ಮುಖವನ್ನು ಚಪ್ಪಟೆಮಾಡಿ ಹಿಂದಿನ ಗೋಡೆಯ ಮೇಲೆ ಕರಿನೆರಳು ಎಸೆಯುತ್ತದೆ. ಚಾವಣಿಗೆ ತಿರುಗಿಸಬಲ್ಲ ಬೇರೆಯ ಫ್ಲ್ಯಾಷ್ ಒಳ್ಳೆಯದೇ. ನೀವು ಸಂಪಾದಿಸುವ ಕಾಲಕ್ಕೆ ಕೊಳ್ಳಬಹುದು.

ಇನ್ನು ಮೈಬಣ್ಣ. ಇದನ್ನು ಕುರಿತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಹುಮಂದಿ ಕಪ್ಪು, ಎಣ್ಣೆಗಪ್ಪು, ಗೋಧಿಬಣ್ಣದವರು. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಾಕ್ ಸಂಸ್ಥೆ ಪ್ರಯೋಗಶಾಲೆಗಳಿಗೆ ಬಣ್ಣ ಸರಿಹೊಂದಿಸಲು ಮಾದರಿಯ ಚಿತ್ರವೊಂದನ್ನು ಕಳುಹಿಸುತ್ತಿತ್ತು. ಅದರಲ್ಲಿದ್ದುದು ಬಿಳಿಯ ಮೈಬಣ್ಣದ ಸ್ತ್ರೀ. ಆ ಚಿತ್ರಗಳಿಗೆ ‘ಶರ್ಲಿ’ ಎಂದೇ ಹೆಸರು. ಅವಳಿಗೆ ಸರಿಹೋದ ಬಣ್ಣ ಕಪ್ಪು ಮುಖಗಳಿಗೆ ಸರಿಹೋಗಲಿಲ್ಲ. ಈಗಿನ ಮೊಬೈಲುಗಳು ಬೇರೊಂದು ಅಪಚಾರ ಮಾಡುತ್ತವೆ: ‘ಸೌಂದರ್ಯ’ದ ಹೆಸರಿನಲ್ಲಿ ಕೇಳದೆಯೇ ಚರ್ಮವನ್ನು ಬೆಳ್ಳಗೆ ಮಾಡಿ, ಸುಕ್ಕುಗಳನ್ನು ಒರಸಿಹಾಕುತ್ತವೆ. ಅದನ್ನು ಆರಿಸುವ ಗುಂಡಿಯನ್ನು ಮೊದಲು ಹುಡುಕಿರಿ. ಕಪ್ಪು ಚರ್ಮಕ್ಕೆ ಹೆಚ್ಚು ಬೆಳಕು ಸುರಿಯಬೇಕೆಂಬುದು ತಪ್ಪು ತಿಳುವಳಿಕೆ. ಅದಕ್ಕೆ ಬೇಕಾದದ್ದು ಪಕ್ಕದಿಂದ ಬರುವ ಅಗಲವಾದ ಬೆಳಕು. ಆಗ ಕೆನ್ನೆಯ ಮೇಲೆ, ಮೂಗಿನ ದಂಡೆಯ ಮೇಲೆ ಹದವಾದ ಹೊಳಪು ಮೂಡಿ, ಆ ಹೊಳಪೇ ಮುಖದ ಆಕಾರವನ್ನು ಹೇಳುತ್ತದೆ. ಪೌಡರ್ ಹಚ್ಚಿದರೆ ಬೂದಿ ಬಳಿದಂತಾಗುತ್ತದೆ. ಚೆನ್ನೈಯ ಬೆವರನ್ನು ಒಂದು ಕರವಸ್ತ್ರದಿಂದ ಒತ್ತಿ ತೆಗೆದರೆ ಸಾಕು. ಸುಣ್ಣದ ಗೋಡೆಯ ಮುಂದೆ ಕುಳ್ಳಿರಿಸಬೇಡಿರಿ. ಕ್ಯಾಮೆರಾ ಬಿಳಿಯನ್ನು ಕಂಡು ಬೆಳಕು ಹೆಚ್ಚೆಂದು ಭ್ರಮಿಸಿ ಮುಖವನ್ನು ಮಂಕುಮಾಡುತ್ತದೆ. ಬೂದು, ನೀಲಿ ಅಥವಾ ಮಣ್ಣುಬಣ್ಣದ ಹಳೆಯ ಜಮಖಾನವೊಂದನ್ನು ಮೂರು ನಾಲ್ಕು ಅಡಿ ಹಿಂದೆ ಕಟ್ಟಿರಿ. ಮೊಬೈಲಿನ ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ, ಹಣೆಯ ಹೊಳಪಿನಲ್ಲಿ ಚರ್ಮದ ಗೆರೆಗಳು ಇನ್ನೂ ಕಾಣುವಷ್ಟಕ್ಕೆ ಬೆಳಕನ್ನು ತಗ್ಗಿಸಿರಿ.

ಅಜ್ಜಿಯನ್ನು ಗಂಟೆಗಟ್ಟಲೆ ಕೂರಿಸಿ ಅಭ್ಯಾಸ ಮಾಡುವುದು ನ್ಯಾಯವಲ್ಲ. ನವರಾತ್ರಿಯ ಗೊಂಬೆಗಳಲ್ಲಿ ಒಂದನ್ನು ಎತ್ತಿಕೊಳ್ಳಿರಿ; ನಮ್ಮಲ್ಲಿಯೂ ಇಲ್ಲಿನವರಲ್ಲಿಯೂ ಗೊಂಬೆ ಕೂರಿಸುವ ಮನೆಗಳಿಗೆ ಕೊರತೆಯಿಲ್ಲ. ಗೊಂಬೆಗೆ ಮೂಗು, ಕೆನ್ನೆ, ಕಣ್ಣಿನ ಗುಳಿ ಎಲ್ಲ ಉಂಟು, ಬೇಸರ ಮಾತ್ರ ಇಲ್ಲ. ಅದನ್ನು ಕಿಟಕಿಯ ಮುಂದೆ ಕಾಲುಸುತ್ತು, ಅರ್ಧಸುತ್ತು ತಿರುಗಿಸುತ್ತ ಮೂಗಿನ ನೆರಳು ಹೇಗೆ ಬೆಳೆಯುತ್ತದೆ, ಎಲ್ಲಿ ತುಟಿಯನ್ನು ಮುಟ್ಟುತ್ತದೆ ಎಂದು ನೋಡಿರಿ. ನಾಲ್ಕು ಸಂಜೆ ಹೀಗೆ ಮಾಡಿದವನಿಗೆ ಮನುಷ್ಯರ ಮುಖ ಎದುರಾದಾಗ ಕೈ ತಾನಾಗಿಯೇ ಕುರ್ಚಿಯನ್ನು ಸರಿಯಾದ ಕಡೆಗೆ ಎಳೆಯುತ್ತದೆ.

ಚಿತ್ರ ತೆಗೆಯುವಾಗ ಮುಖಕ್ಕೆ ಮೊಬೈಲನ್ನು ಒತ್ತಿ ಹಿಡಿಯದೆ ಐದಾರು ಅಡಿ ದೂರ ನಿಲ್ಲಿರಿ. ಹತ್ತಿರವಾದರೆ ಮೂಗು ಉಬ್ಬಿಕೊಳ್ಳುತ್ತದೆ. ಮಸೂರದ ಮೇಲಿನ ಬೆರಳಿನ ಜಿಡ್ಡನ್ನು ಒರಸಿರಿ. ಕನ್ನಡಕದಲ್ಲಿ ಕಿಟಕಿ ಹೊಳೆದರೆ ಗದ್ದವನ್ನು ಕೊಂಚ ತಗ್ಗಿಸಲು ಹೇಳಿ, ಕನ್ನಡಕವನ್ನು ಮಾತ್ರ ತೆಗೆಸಬೇಡಿ. ಮೂವತ್ತು ವರ್ಷ ಅದನ್ನು ಧರಿಸಿದವರ ಮುಖ ಅದಿಲ್ಲದೆ ಅವರದಾಗಿರುವುದಿಲ್ಲ. ಕಣ್ಣಿನ ಪಾಪೆಯಲ್ಲಿ ಕಿಟಕಿಯ ಪುಟ್ಟ ಬಿಂಬ ಕಂಡಿತೆ ಎಂದು ನೋಡಿಕೊಂಡು, ಅಜ್ಜಿಯೊಡನೆ ಅವರ ತವರೂರಿನ ಮಾತು ತೆಗೆಯಿರಿ. ಆಮೇಲೆ ಒಂದೆರಡು ಒಳ್ಳೆಯ ಚಿತ್ರಗಳನ್ನು ಆರಿಸಿ ಅಂಗಡಿಯಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿರಿ, ಮೊಬೈಲು ಕಳೆಯುತ್ತದೆ, ಕೆಡುತ್ತದೆ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಅವರ ಪೂರ್ತಿ ಹೆಸರು, ಊರು, ತೆಗೆದ ತಾರೀಖು, ಇಷ್ಟನ್ನು ಕನ್ನಡದಲ್ಲಿ ಬರೆದಿಡಿರಿ.